ಊರಲ್ಲಿ ರೈತರ ಬಳಗ ಕಟ್ಟಬೇಕು ಅಂತಿದ್ದೇವೆ, ಮಾಡಿದವರು ಅನುಭವ ಹೇಳಿ

ಕೇಳಿದವರು, ಕುಷ್ಟಗಿ ಕಡೆಯಿಂದ:

ಎಲ್ಲರಿಗೂ ನಮಸ್ಕಾರ. ನಮ್ಮದು ಮಳೆ ನಂಬಿದ ಊರು. ಸಜ್ಜೆ, ತೊಗರಿ, ಶೇಂಗಾ ಬೆಳೆಯುತ್ತೇವೆ. ಬೋರಿನಲ್ಲಿ ನೀರಿರುವ ನಾಲ್ಕೈದು ಮನೆಯವರು ದಾಳಿಂಬೆ ಹಾಕಿದ್ದಾರೆ. ನಾವು ಹದಿನೆಂಟು ಜನ ಸೇರಿ ಒಂದು ರೈತರ ಬಳಗ ಮಾಡೋಣ ಅಂತ ಮಾತಾಡಿಕೊಂಡಿದ್ದೇವೆ. ಹಿರಿಯರಿಗೆ ಹೇಳಿದರೆ, "ಸಂಘ ಅಂದ್ರೆ ಒಂದೋ ಹಸಿರು ಶಾಲು ಹಾಕಿ ರಸ್ತೆಗೆ ಕೂರೋದು, ಇಲ್ಲಾ ಸಾಲ ಎತ್ತೋದು, ನಿಮ್ಮದು ಯಾವುದು?" ಅಂತ ಕೇಳುತ್ತಾರೆ. ನಮಗೆ ವರ್ಷವಿಡೀ ಒಬ್ಬರಿಗೊಬ್ಬರು ಆಗುವಂಥದ್ದು ಬೇಕು. ಏನೇನು ಕೆಲಸ ಹಚ್ಚಿಕೊಳ್ಳಬೇಕು, ವಂತಿಗೆ ಎಷ್ಟಿಡಬೇಕು, ಹೆಣ್ಣುಮಕ್ಕಳನ್ನು ಸೇರಿಸಬೇಕಾ, ನೋಂದಣಿ ಈಗಲೇ ಮಾಡಿಸಬೇಕಾ? ಕಟ್ಟಿ ನಡೆಸಿದವರು, ಕಟ್ಟಿ ಕೈ ಸುಟ್ಟುಕೊಂಡವರು, ಇಬ್ಬರೂ ಹೇಳಿ.

ಕಾರಟಗಿ ಕಡೆಯಿಂದ:

ತಮ್ಮಾ, ನಮ್ಮ ಬಳಗಕ್ಕೆ ಈಗ ಹನ್ನೊಂದು ವರ್ಷ. ಅದಕ್ಕಿಂತ ಮುಂಚೆ ಒಂದು ಸಂಘ ಮಾಡಿ ಮುರಿದುಕೊಂಡಿದ್ದೆವು. ಅದರ ಕಥೆಯನ್ನೂ ಹೇಳುತ್ತೇನೆ, ನಿಮಗೆ ಅದೇ ಜಾಸ್ತಿ ಉಪಯೋಗಕ್ಕೆ ಬರಬಹುದು.

ಮೊದಲು ದಿನ ಗೊತ್ತು ಮಾಡಿಕೊಳ್ಳಿ. ನಾವು ಅಮಾವಾಸ್ಯೆ ಇಟ್ಟುಕೊಂಡೆವು. ಅವತ್ತು ಹೇಗೂ ಎತ್ತು ಹೂಡುವುದಿಲ್ಲ, ಊರಲ್ಲೇ ಇರುತ್ತಾರೆ, ಯಾರಿಗೂ ನೆನಪು ಮಾಡುವ ಕೆಲಸ ಇಲ್ಲ. ಸಂಜೆ ಹನುಮಪ್ಪನ ಗುಡಿ ಕಟ್ಟೆಯಲ್ಲಿ ಕೂರುತ್ತೇವೆ. ಮನೆಗೆ ಹತ್ತು ರೊಟ್ಟಿ ಮತ್ತು ಒಂದು ಪಲ್ಯ ತರಬೇಕು, ಅನ್ನ ಸಾರು ಅಲ್ಲೇ ಆಗುತ್ತದೆ. ಪುಂಡಿಪಲ್ಯ ಯಾರದು, ಶೇಂಗಾ ಚಟ್ನಿ ಯಾರದು ಅಂತ ಹುಡುಗರಿಗೂ ಗೊತ್ತು. ಊಟ ಇಲ್ಲದ ಸಭೆಗೆ ಮೂರು ತಿಂಗಳು ಜನ ಬರುತ್ತಾರೆ, ನಾಲ್ಕನೇ ತಿಂಗಳು ಅಧ್ಯಕ್ಷ, ಕಾರ್ಯದರ್ಶಿ ಇಬ್ಬರೇ. ನಮ್ಮ ಮೊದಲನೇ ಸಂಘದಲ್ಲಿ ಆದದ್ದು ಅದೇ.

ಊಟಕ್ಕೆ ಮುಂಚೆ ಲೆಕ್ಕ ಓದಬೇಕು. ಇದು ಒಂದು ತಿಂಗಳೂ ತಪ್ಪಬಾರದು. ಮೊದಲ ಸಂಘದಲ್ಲಿ ದುಡ್ಡು ಒಬ್ಬರ ಕೈಯಲ್ಲಿತ್ತು. ನಂಬಿಕಸ್ಥರೇ, ನಮ್ಮವರೇ. ಎರಡು ವರ್ಷ ಯಾರೂ ಕೇಳಲಿಲ್ಲ, ಕೇಳುವುದು ಹೇಗೆ ಅಂತ ಸಂಕೋಚ. ಮೂರನೇ ವರ್ಷ ಕೇಳಿದಾಗ ದುಡ್ಡು ಇರಲಿಲ್ಲ. ಆ ದುಡ್ಡಿಗಿಂತ ಆ ಮನೆಯ ಜೊತೆ ಮಾತು ಬಿಟ್ಟು ಹೋಯಿತಲ್ಲ, ಅದು ಇವತ್ತಿಗೂ ನನಗೆ ನೋವು. ಈಗ ಬ್ಯಾಂಕಿನಲ್ಲಿ ಜಂಟಿ ಖಾತೆ ಇದೆ, ಮೂವರಲ್ಲಿ ಇಬ್ಬರ ಸಹಿ ಬೇಕು. ಪ್ರತಿ ಅಮಾವಾಸ್ಯೆ ಬೇರೆ ಬೇರೆಯವರು ಎದ್ದು ನಿಂತು ಪುಸ್ತಕ ಓದುತ್ತಾರೆ. "ಗೋಣಿದಾರ ಎರಡು ಉಂಡೆ, ನೂರಾ ಅರವತ್ತು" ಅಂತ ಓದಿದರೂ ಕೇಳಬೇಕು. ಓದು ಬರದ ಹಿರಿಯರೊಬ್ಬರಿದ್ದಾರೆ, ಕಣ್ಣು ಮುಚ್ಚಿ ಕೇಳಿಸಿಕೊಂಡು ಹೋದ ತಿಂಗಳ ಬಾಕಿ ಬಾಯಲ್ಲೇ ಹೇಳುತ್ತಾರೆ. ಪುಸ್ತಕಕ್ಕೂ ಅವರ ಬಾಯಿಗೂ ತಾಳೆ ಆದ ಮೇಲೆ ಊಟ.

ವಂತಿಗೆ ತಿಂಗಳಿಗೆ ನೂರು ರೂಪಾಯಿ ಇಟ್ಟಿದ್ದೇವೆ. ಕಮ್ಮಿ ಅನಿಸಬಹುದು, ಆದರೆ ಎರಡು ಎಕರೆಯವನೂ ತಲೆ ಎತ್ತಿ ಕೊಡುವಂತಿರಬೇಕು.

ಕೆಲಸ ಏನು ಅಂತ ಕೇಳಿದ್ದೀರಿ. ನಮಗೆ ಮೊದಲು ಜೀವ ತುಂಬಿದ್ದು ತಾಡಪಲ್, ಅಂದರೆ ಮಳೆಗೆ ಹೊದಿಸುವ ಟಾರ್ಪಾಲು. ಒಂದು ನವೆಂಬರ್, ನಮ್ಮ ಸದಸ್ಯರೊಬ್ಬರು ಕಾಲು ಮುರಿದು ಗಂಗಾವತಿಯಲ್ಲಿ ಆಸ್ಪತ್ರೆಗೆ ಸೇರಿದ್ದರು. ಭತ್ತ ಕಟಾವಾಗಿ ಕಣದಲ್ಲಿ ಹರಡಿತ್ತು. ರಾತ್ರಿ ಒಂದೂವರೆಗೆ ತಂಪು ಗಾಳಿ ಎದ್ದಿತು, ಮಿಂಚು ಶುರುವಾಯಿತು. ಅವರ ಮನೆಯಾಕೆ ಒಬ್ಬರೇ ಬ್ಯಾಟರಿ ಬಾಯಲ್ಲಿ ಕಚ್ಚಿಕೊಂಡು ಹಲಗೆಯಿಂದ ಭತ್ತ ದಬ್ಬುತ್ತಿದ್ದರಂತೆ. ಪಕ್ಕದ ಹೊಲದ ಹುಡುಗ ನೋಡಿ ಫೋನ್ ಮಾಡಿದ. ಹನ್ನೊಂದು ಜನ ಹೋದೆವು, ಒಬ್ಬೊಬ್ಬರು ಮನೆಯ ತಾಡಪಲ್ ಹೆಗಲ ಮೇಲೆ ಹಾಕಿಕೊಂಡು. ರಾಶಿ ಮಾಡಿ, ಹೊದಿಸಿ, ಅಂಚಿಗೆ ಕಲ್ಲು ಇಡುವುದಕ್ಕೂ ದೊಡ್ಡ ಹನಿ ಬೀಳುವುದಕ್ಕೂ ಸರಿಹೋಯಿತು. ಆಕೆ ಏನೂ ಹೇಳಲಿಲ್ಲ, ಒಳಗೆ ಹೋಗಿ ಹನ್ನೊಂದು ಲೋಟ ಚಹಾ ಮಾಡಿಕೊಂಡು ಬಂದರು. ಮರುತಿಂಗಳು ಬಳಗದ ದುಡ್ಡಲ್ಲಿ ಹನ್ನೆರಡು ತಾಡಪಲ್ ತಂದು ಗುಡಿ ಪಕ್ಕದ ಕೋಣೆಯಲ್ಲಿಟ್ಟೆವು. ಯಾರು ಒಯ್ದರು, ಯಾವಾಗ ತಂದರು ಅಂತ ಗೋಡೆಗೆ ಒಂದು ಪಟ್ಟಿ. ಅವತ್ತಿಂದ ಊರವರು ನಮ್ಮನ್ನು ನೋಡುವ ರೀತಿಯೇ ಬೇರೆ ಆಯಿತು. ನಮ್ಮ ಅಜ್ಜಂದಿರ ಕಾಲದ ಮುಯ್ಯಾಳು ಇದೇ ಅಲ್ವಾ? ಇವತ್ತು ನಿನ್ನ ಹೊಲಕ್ಕೆ ನಾನು, ನಾಳೆ ನನ್ನ ಹೊಲಕ್ಕೆ ನೀನು. ನಾವು ಅದನ್ನು ಒಂದು ನೋಟ್‌ಬುಕ್ಕಿಗೆ ಇಳಿಸಿದೆವು.

ಎರಡನೇದು ತೂಕ. ನಮ್ಮ ಕಡೆ ಭತ್ತದ ದರ ಚೀಲದ ಮೇಲೆ, ಚೀಲ ಅಂದರೆ 75 ಕೆಜಿ. ಖರೀದಿಗೆ ಬರುವವರು ತಮ್ಮದೇ ಕಾಟಾ ತರುತ್ತಾರೆ. ಒಂದು ವರ್ಷ ಸಂಶಯ ಬಂದು ನಾವೇ ಒಂದು ಎಲೆಕ್ಟ್ರಾನಿಕ್ ಕಾಟಾ ತಂದೆವು. ಅವರ ಕಾಟಾದಲ್ಲಿ 75 ತೋರಿಸಿದ ಚೀಲ ನಮ್ಮದರಲ್ಲಿ 76.6 ಬಂತು. ಖಾಲಿ ಚೀಲದ ತೂಕ ತೆಗೆದರೂ ಕೆಜಿ ಮೇಲೆ ಹೋಗುತ್ತಿತ್ತು. ಜಗಳ ಮಾಡಲಿಲ್ಲ. ಹತ್ತು ಚೀಲ ಎರಡೂ ಕಾಟಾದಲ್ಲಿ ಇಟ್ಟು ತೋರಿಸಿದೆವು, ಅಷ್ಟೇ. ಈಗ ನಮ್ಮ ಊರಲ್ಲಿ ಬಳಗದ ಕಾಟಾದಲ್ಲೇ ತೂಕ. ಆಮೇಲೆ ತೇವಾಂಶ ನೋಡುವ ಮಷಿನ್ ತಂದೆವು. ಸರ್ಕಾರದ ಬೆಂಬಲ ಬೆಲೆ ಖರೀದಿಗೆ ಭತ್ತದ ತೇವಾಂಶ 17 ಶೇಕಡಾ ದಾಟಬಾರದು. ಮನೆಯಲ್ಲೇ ನೋಡಿಕೊಂಡು ಇನ್ನೊಂದು ದಿನ ಒಣಗಿಸಿದರೆ ಟ್ರ್ಯಾಕ್ಟರ್ ತುಂಬಿಕೊಂಡು ಹೋಗಿ ವಾಪಸ್ ಬರುವುದು ತಪ್ಪುತ್ತದೆ. ನಿಮ್ಮ ಕಡೆ ತೊಗರಿ ಇದೆಯಲ್ಲ, ಅದಕ್ಕೂ ಕೆಲಸಕ್ಕೆ ಬರುತ್ತದೆ.

ಗೊಬ್ಬರ ಒಟ್ಟಿಗೆ ತರುವುದು ಒಳ್ಳೆಯದು, ಆದರೆ ಉದ್ರಿ ಮಾತ್ರ ಬೇಡ. ಮೊದಲ ವರ್ಷ ಉದ್ರಿ ಕೊಟ್ಟು ಮೂರು ಮನೆಯ ಬಾಕಿ ಹಾಗೇ ಉಳಿಯಿತು. ಈಗ ದುಡ್ಡು ಮೊದಲು, ಲಾರಿ ಆಮೇಲೆ. ಪರವಾನಗಿ ಇದ್ದ ಅಂಗಡಿಯಿಂದ ಒಬ್ಬೊಬ್ಬರ ಹೆಸರಲ್ಲೇ ಬಿಲ್ ಮಾಡಿಸಿ. ಬಳಗದ ಹೆಸರಲ್ಲಿ ತಂದು ನೀವೇ ಮಾರಲು ಹೋದರೆ 1985ರ ಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ ಅನುಮತಿ ಬೇಕಾಗುತ್ತದೆ.

ನೀರಿನ ವಿಷಯ ಬರೆಯದೆ ಇರಲಾಗುವುದಿಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಂನ 19ನೇ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿ ಹೋಯಿತಲ್ಲ, ಆಗ ನಮ್ಮಲ್ಲಿ ನಾಟಿ ಆಗಿದ್ದವರು ಅರ್ಧ, ಆಗದವರು ಅರ್ಧ. ಅಮಾವಾಸ್ಯೆಗೆ ಕಾಯದೆ ಮರುದಿನವೇ ಕೂತೆವು. ಕಾಲುವೆ ನೀರು ನಿಂತರೆ ಹಳ್ಳಕ್ಕೆ ಮೋಟಾರ್ ಇಟ್ಟವರು ಯಾರ ಗದ್ದೆಗೆ ಮೊದಲು ಕೊಡಬೇಕು ಅಂತ ಹೆಸರು ಹಿಡಿದು ಬರೆದೆವು. ವಾರದೊಳಗೆ ಅಲ್ಲಿ ತಾತ್ಕಾಲಿಕ ಗೇಟು ಕೂರಿಸಿದರು, ನಮ್ಮ ಪಟ್ಟಿ ಬಳಸುವ ಪ್ರಸಂಗ ಬರಲಿಲ್ಲ. ಆದರೆ ಆ ವಾರ ಊರಲ್ಲಿ ಒಂದು ಜಗಳ ಆಗಲಿಲ್ಲ. ತೂಬಿನ ಹತ್ತಿರ ಕೊಡಲಿ ಹಿಡಿದು ನಿಂತಿದ್ದ ವರ್ಷಗಳನ್ನೂ ನಾನು ನೋಡಿದ್ದೇನೆ.

ಇನ್ನೊಂದು. ನನ್ನ ಮಗಳು ರಾಯಚೂರು ಕೃಷಿ ವಿಶ್ವವಿದ್ಯಾಲಯದಲ್ಲಿ ಓದುವಾಗ ಅಮೆರಿಕದ ಗ್ರೇಂಜ್ ಅನ್ನುವ ರೈತ ಬಳಗದ ಬಗ್ಗೆ ಹೇಳಿದಳು. ನನಗೆ ಬಹಳ ಹಿಡಿಸಿತು. 1867ರಲ್ಲಿ, ಅಲ್ಲಿಯ ಅಂತರ್ಯುದ್ಧ ಮುಗಿದು ಎರಡು ವರ್ಷಕ್ಕೆ ಕಟ್ಟಿದ್ದು. ಆಲಿವರ್ ಹಡ್ಸನ್ ಕೆಲ್ಲಿ ಅನ್ನುವವರು ಹಾಳುಬಿದ್ದ ದಕ್ಷಿಣದ ಹಳ್ಳಿಗಳನ್ನು ಸುತ್ತಿ ಬಂದು ಇನ್ನೂ ಆರು ಜನರ ಜೊತೆ ಶುರು ಮಾಡಿದರು. ಊರಿಗೊಂದು ಸಭಾಮನೆ. ಅಲ್ಲಿ ಊಟ, ಹಾಡು, ಬೇಸಾಯದ ಪಾಠ. ಬೀಜ, ಸಲಕರಣೆ ಒಟ್ಟಿಗೆ ಖರೀದಿ. ರೈಲು ಕಂಪನಿಯವರು, ಕಾಳಿನ ಉಗ್ರಾಣದವರು ಮನಸ್ಸಿಗೆ ಬಂದ ದರ ಹಾಕುತ್ತಿದ್ದಾಗ ರಾಜ್ಯಗಳಲ್ಲಿ ಕಾನೂನು ಮಾಡಿಸಿದರು, ಅದನ್ನು 1877ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟ್ ಒಪ್ಪಿತು. ಹಳ್ಳಿಯ ಮನೆ ಬಾಗಿಲಿಗೆ ಅಂಚೆ ಬರಬೇಕು ಅಂತ ಹಟ ಹಿಡಿದವರಲ್ಲಿ ಇವರೂ ಇದ್ದರು. ಇಂದಿಗೂ ಹೊಲಿಗೆ ಪೈಪೋಟಿ, ಅಡುಗೆ ಪೈಪೋಟಿ ಇಡುತ್ತಾರೆ, ಮೂರನೇ ತರಗತಿ ಮಕ್ಕಳಿಗೆ ನಿಘಂಟು ಹಂಚುತ್ತಾರೆ. ಆದರೆ ಒಮ್ಮೆ ಬಹಳ ಜೋರಾಗಿ ಬೆಳೆದು ಬಿದ್ದರು. ಅಯೋವಾ ರಾಜ್ಯದವರು ಕಟಾವು ಯಂತ್ರ ತಾವೇ ತಯಾರಿಸಲು ಹೋಗಿ ದಿವಾಳಿ ಆದರು. ಯಂತ್ರ ಮಾಡುವ ಧೈರ್ಯ ತಪ್ಪಲ್ಲ, ಆದರೆ ರೊಟ್ಟಿ ಹಂಚಿಕೊಂಡು ತಿನ್ನುತ್ತಿದ್ದವರ ನಡುವೆ ಸಾಲ ಬಂದು ಕೂತರೆ ರೊಟ್ಟಿಯೂ ರುಚಿಸುವುದಿಲ್ಲ.

ಅದಕ್ಕೇ ನೋಂದಣಿಗೆ ಅವಸರ ಮಾಡಬೇಡಿ ಅಂತೀನಿ. 1960ರ ಸಂಘಗಳ ನೋಂದಣಿ ಕಾಯ್ದೆಯಲ್ಲಿ ಏಳು ಜನ ಇದ್ದರೆ ಸಾಕು, ಅದು ಯಾವಾಗ ಬೇಕಾದರೂ ಆಗುತ್ತದೆ. ಒಂದು ವರ್ಷ ಹನ್ನೆರಡು ಅಮಾವಾಸ್ಯೆ ಕೂತು ನೋಡಿ. ರೈತ ಉತ್ಪಾದಕ ಕಂಪನಿ, ಅಂದರೆ ರೈತರೇ ಷೇರು ಹಾಕಿ ನಡೆಸುವ ಕಂಪನಿ, ಮಾಡಿ ಅಂತ ಯಾರಾದರೂ ಬರುತ್ತಾರೆ. 2020ರ ಕೇಂದ್ರ ಯೋಜನೆಯಲ್ಲಿ ಬಯಲು ಸೀಮೆಗೆ ಕಮ್ಮಿ ಅಂದರೂ 300 ಸದಸ್ಯರು ಬೇಕು, ಲೆಕ್ಕಪರಿಶೋಧನೆ, ಸಿಬ್ಬಂದಿ ಎಲ್ಲ ಇರುತ್ತದೆ. ಹದಿನೆಂಟು ಜನಕ್ಕೆ ಅದು ಈಗ ಬೇಡ. ಕೆಲಸ ನೋಡಬೇಕಾದರೆ ಪಕ್ಕದ ಗದಗ ಜಿಲ್ಲೆಯ ಕಣಗಿನಹಾಳಕ್ಕೆ ಹೋಗಿ ಬನ್ನಿ, 1905ರಲ್ಲೇ ಸಹಕಾರ ಸಂಘ ಕಟ್ಟಿದ ಊರು. ನಾವು ಹೋಗಿ ಬಂದೆವು, ಬಸ್ಸಿನಲ್ಲಿ ವಾಪಸ್ ಬರುವಾಗ ಹುಡುಗರು ಮಾತೇ ನಿಲ್ಲಿಸಲಿಲ್ಲ.

ಮಾನ್ವಿ ಕಡೆಯಿಂದ:

ಅಣ್ಣಾವ್ರು ಎಲ್ಲ ಸರಿಯಾಗಿ ಹೇಳಿದ್ದಾರೆ, ಹೆಣ್ಣುಮಕ್ಕಳ ಮಾತು ಮಾತ್ರ ಬಿಟ್ಟುಬಿಟ್ಟರು. ಅದನ್ನು ನಾನು ಹೇಳುತ್ತೇನೆ.

ನಮ್ಮ ಬಳಗದಲ್ಲಿ ಮೊದಲು "ಪಹಣಿ ಇದ್ದವರೇ ಸದಸ್ಯರು" ಅಂತ ನಿಯಮ ಇತ್ತು. ಪಹಣಿ ಯಾರ ಹೆಸರಲ್ಲಿರುತ್ತದೆ ಅಂತ ನಿಮಗೆ ಗೊತ್ತು. ಹತ್ತಿ ಬಿಡಿಸುವವರು ನಾವು, ಕಳೆ ತೆಗೆಯುವವರು ನಾವು, ಕಟ್ಟೆ ಕೆಳಗೆ ನಿಂತು ಕೇಳುವವರೂ ನಾವು. ಆರು ವರ್ಷದ ಹಿಂದೆ ನಿಯಮ ಬದಲಾಯಿತು, ಹೊಲದಲ್ಲಿ ಕೆಲಸ ಮಾಡುವವರೆಲ್ಲ ಸದಸ್ಯರು, ಮನೆಗೆ ಒಂದಲ್ಲ, ತಲೆಗೆ ಒಂದು ಓಟು. ಆ ಗ್ರೇಂಜ್‌ನಲ್ಲೂ ಶುರುವಿನಿಂದಲೇ ಹೆಂಗಸರಿಗೆ ಸಮನಾದ ಸದಸ್ಯತ್ವ ಇತ್ತು, ಕೆಲ್ಲಿಯವರ ಸೋದರಿಯ ಮಗಳು ಕ್ಯಾರೊಲಿನ್ ಹಾಲ್ ಅದಕ್ಕೆ ಒತ್ತಾಯ ಮಾಡಿದವರು.

ನಾವು ಬಂದ ಮೇಲೆ ಏನು ಬದಲಾಯಿತು ಅಂದರೆ, ಮೊದಲ ಸಭೆಯಲ್ಲೇ ಬೆಳೆಗೆ ಎಣ್ಣೆ, ಅಂದರೆ ಕೀಟನಾಶಕ, ಹೊಡೆಯುವ ವಿಷಯ ಎತ್ತಿದೆವು. ಹತ್ತಿಗೆ ಎಣ್ಣೆ ಹೊಡೆದು ಬಂದ ಅಂಗಿಯನ್ನು ತೊಳೆಯುವವರು ನಾವು, ಕೈ ಉರಿ ನಮಗೇ ಗೊತ್ತು. ಈಗ ಬಳಗದಲ್ಲಿ ಕೈಗವಸು, ಮುಖಕ್ಕೆ ಮಾಸ್ಕ್, ಉದ್ದ ತೋಳಿನ ಅಂಗಿ ಇಟ್ಟಿದ್ದೇವೆ. ಖಾಲಿ ಡಬ್ಬಿ ಮನೆಗೆ ತರಬಾರದು, ಮುಚ್ಚಳ ಕೂಡ. ಗುಲಾಬಿ ಕಾಯಿಕೊರಕ ಹುಳಕ್ಕೆ ಮೋಹಕ ಬಲೆ (ವಾಸನೆಯಿಂದ ಪತಂಗ ಸೆಳೆದು ಹಿಡಿಯುವ ಬಲೆ) ಒಬ್ಬರೇ ಹಾಕಿದರೆ ಪ್ರಯೋಜನ ಕಮ್ಮಿ. ಸಾಲು ಹೊಲದವರೆಲ್ಲ ಒಟ್ಟಿಗೆ ಹಾಕಿ, ಬಲೆಗೆ ಬಿದ್ದ ಪತಂಗ ಎಣಿಸುತ್ತೇವೆ. ಎಣಿಸುವುದು ಶಾಲೆ ಮಕ್ಕಳ ಕೆಲಸ, ಅವರಿಗೆ ಅದೊಂದು ಹಬ್ಬ.

ಆಮೇಲೆ ಬೀಜ. ಬಿಳಿಜೋಳದ ದೊಡ್ಡ ತೆನೆ ಹೊಲದಲ್ಲೇ ಆರಿಸಿ, ಒಣಗಿಸಿ, ಬೂದಿ ಮತ್ತು ಬೇವಿನ ಎಲೆ ಹಾಕಿ ಗಡಿಗೆಯಲ್ಲಿ ಇಡುತ್ತೇವೆ. ಒಂದು ಸೇರು ಒಯ್ದವರು ಸುಗ್ಗಿಗೆ ಎರಡು ಸೇರು ತರಬೇಕು. ಬೇಸಿಗೆಯ ಮಧ್ಯಾಹ್ನ ಕೌದಿ ಹೊಲಿಯುತ್ತೇವೆ. ಬಳಗದ ಯಾವ ಮನೆಯಲ್ಲಿ ಕೂಸು ಹುಟ್ಟಿದರೂ ಒಂದು ಕೌದಿ ಹೋಗುತ್ತದೆ, ಎಲ್ಲರ ಹಳೇ ಸೀರೆಯ ತುಂಡೂ ಅದರಲ್ಲಿರುತ್ತದೆ. ಇದು ಕೃಷಿ ಕೆಲಸ ಅಲ್ಲ ಅಂತ ಒಬ್ಬರು ಅಂದಿದ್ದರು. ಅವರ ಮೊಮ್ಮಗಳಿಗೆ ಕೌದಿ ಹೋದ ಮೇಲೆ ಮುಂದಿನ ಅಮಾವಾಸ್ಯೆಗೆ ದಾರದ ಉಂಡೆ ಅವರೇ ತಂದರು.

ಎಳ್ಳಮಾವಾಸ್ಯೆ ಮಾತ್ರ ಗುಡಿಯಲ್ಲಿ ಬೇಡ, ಹೊಲದಲ್ಲಿ ಮಾಡಿ. ಚರಗ (ಭೂಮಿತಾಯಿಗೆ ಎಡೆ) ಹೊಲಕ್ಕೆ ಚೆಲ್ಲಿ, ಸಜ್ಜೆ ರೊಟ್ಟಿ, ಕಡುಬು, ಎಣ್ಣೆಗಾಯಿ ಒಟ್ಟಿಗೆ ಉಣ್ಣಿ. ಹೊಲ ಇಲ್ಲದ ಕೂಲಿ ಮನೆಯವರನ್ನೂ ಅವತ್ತು ಕರೆಯಿರಿ.

ಸಿರುಗುಪ್ಪ ಕಡೆಯಿಂದ:

ನಾನು ಮುರಿದುಬಿದ್ದ ಬಳಗದವನು. ನಾಲ್ಕು ವರ್ಷ ಚೆನ್ನಾಗಿತ್ತು, ಮೆಣಸಿನಕಾಯಿ ಒಟ್ಟಿಗೆ ಒಂದೇ ಲಾರಿಯಲ್ಲಿ ಬ್ಯಾಡಗಿಗೆ ಒಯ್ಯುತ್ತಿದ್ದೆವು. ಪಂಚಾಯಿತಿ ಎಲೆಕ್ಷನ್ ಬಂತು, ನಮ್ಮಲ್ಲೇ ಇಬ್ಬರು ಎದುರುಬದುರು ನಿಂತರು, ಕಾಟಾ ಒಂದು ಮನೆಗೆ, ಪುಸ್ತಕ ಇನ್ನೊಂದು ಮನೆಗೆ ಹೋಯಿತು. ಈಗ ಮತ್ತೆ ಕಟ್ಟುತ್ತಿದ್ದೇವೆ. ಮೊದಲ ನಿಯಮ, ಎಲೆಕ್ಷನ್‌ಗೆ ನಿಲ್ಲುವವರು ಬಳಗದ ಹುದ್ದೆ ಬಿಟ್ಟು ನಿಲ್ಲಬೇಕು. ಊಟಕ್ಕೆ ಬರಬಹುದು, ಕಟ್ಟೆಯಲ್ಲಿ ಓಟಿನ ಮಾತು ಇಲ್ಲ.

ನಿಮ್ಮ ಹಿರಿಯರಿಗೆ ಒಂದು ಮಾತು ಹೇಳಿ. ಹಸಿರು ಶಾಲು ಹಗುರವಾದದ್ದಲ್ಲ. 1980ರಲ್ಲಿ ನರಗುಂದ, ನವಲಗುಂದದಲ್ಲಿ ರೈತರು ಜೀವ ಕೊಟ್ಟಿದ್ದಾರೆ, ಅದೇ ವರ್ಷ ರಾಜ್ಯ ರೈತ ಸಂಘ ಹುಟ್ಟಿತು. ನಮ್ಮಲ್ಲಿ ಶಾಲು ಹಾಕುವವರೂ ಇದ್ದಾರೆ, ಹಾಕದವರೂ ಇದ್ದಾರೆ. ಆ ರೈತರ ನೆನಪಿಗೆ ಜುಲೈ 21ಕ್ಕೆ ಇಬ್ಬರೂ ಸೇರಿ ದೀಪ ಹಚ್ಚುತ್ತೇವೆ.

ಕೇಳಿದವರು, ಕುಷ್ಟಗಿ ಕಡೆಯಿಂದ:

ಎಲ್ಲರಿಗೂ ದೊಡ್ಡ ನಮಸ್ಕಾರ. ಬರುವ ಅಮಾವಾಸ್ಯೆಗೆ ಮೊದಲ ಸಭೆ ಅಂತ ನಿನ್ನೆ ರಾತ್ರಿಯೇ ಗೊತ್ತು ಮಾಡಿದೆವು. ಅಕ್ಕಾವ್ರು ಹೇಳಿದ್ದನ್ನು ಮನೆಯಲ್ಲಿ ಓದಿ ಹೇಳಿದೆ, ಹದಿನೆಂಟು ಇದ್ದದ್ದು ಈಗ ಮೂವತ್ತೊಂದು ಆಗಿದೆ. ಕಾರಟಗಿ ಅಣ್ಣಾ, ನಿಮ್ಮ ಲೆಕ್ಕದ ಪುಸ್ತಕ ಒಮ್ಮೆ ನೋಡಬೇಕಿತ್ತು, ಬರಬಹುದಾ?

ಕಾರಟಗಿ ಕಡೆಯಿಂದ:

ಬನ್ನಿ ತಮ್ಮಾ, ನಾಲ್ಕು ಜನ ಬನ್ನಿ. ಅದರಲ್ಲಿ ಇಬ್ಬರು ಹೆಣ್ಣುಮಕ್ಕಳಿರಲಿ, ಮಾನ್ವಿ ತಂಗಿ ಹೇಳಿದ್ದು ನನಗೂ ತಟ್ಟಿದೆ. ನಮ್ಮಲ್ಲಿ ಆರೇ ಜನ ಇದ್ದಾರೆ. ಪುಸ್ತಕದ ಜೊತೆ ಆ ತಾಡಪಲ್ ಪಟ್ಟಿಯನ್ನೂ ತೋರಿಸುತ್ತೇನೆ. ರೊಟ್ಟಿ ತರಬೇಡಿ, ನಮ್ಮ ಮನೆಯಲ್ಲಿ ಆಗುತ್ತದೆ. ನಿಮ್ಮ ಕಡೆಯ ಶೇಂಗಾ ಒಂದು ಸೇರು ತನ್ನಿ ಸಾಕು.