ರೊನಾಲ್ಡ್ ರಾಸ್ ಜೀವನಚರಿತ್ರೆ: ವೈದ್ಯರ ಕಥೆಯಲ್ಲಿ ರೋಗಿಯನ್ನು ಹೇಗೆ ಬರೆಯುವುದು?

ಪ್ರಶ್ನೆ: ನಿವೃತ್ತ ಶಿಕ್ಷಕಿ, ಮಂಗಳೂರು

ಪ್ರೌಢಶಾಲೆಯಲ್ಲಿ ಬಹುಕಾಲ ಜೀವಶಾಸ್ತ್ರ ಕಲಿಸಿದವಳು ನಾನು. ಮಳೆಗಾಲ ಹಿಡಿಯಿತೆಂದರೆ ನನ್ನ ತರಗತಿಯಲ್ಲಿ ಒಂದಿಬ್ಬರು ಮಕ್ಕಳ ಜಾಗ ಮಲೇರಿಯದಿಂದಾಗಿ ಖಾಲಿ ಇರುತ್ತಿತ್ತು. ಅದೇ ವಯಸ್ಸಿನ ಮಕ್ಕಳಿಗಾಗಿ ಈಗ ಬ್ರಿಟಿಷ್ ವೈದ್ಯ ರೊನಾಲ್ಡ್ ರಾಸ್ ಅವರ ಜೀವನಚರಿತ್ರೆಯನ್ನು ಬರೆಯುತ್ತಿದ್ದೇನೆ. ಮಲೇರಿಯದ ಪರಾವಲಂಬಿಯು ಸೊಳ್ಳೆಯ ಒಡಲಿನಲ್ಲಿ ಬೆಳೆಯುವುದನ್ನು ಅವರು ಸಿಕಂದರಾಬಾದಿನಲ್ಲಿ ಕಂಡ ದಿನ, ಅಂದರೆ 1897ರ ಆಗಸ್ಟ್ 20ರ ಅಧ್ಯಾಯಕ್ಕೆ ಬಂದು ನಿಂತುಬಿಟ್ಟಿದ್ದೇನೆ.

ಆ ದಿನಗಳ ರೋಚಕ ವಿವರಗಳೆಲ್ಲ ಅವರು 1923ರಲ್ಲಿ ಪ್ರಕಟಿಸಿದ ಆತ್ಮಕಥನದಲ್ಲಿವೆ: ಬೆವರು ತಾಗಿ ತುಕ್ಕು ಹಿಡಿದ ಸೂಕ್ಷ್ಮದರ್ಶಕದ ತಿರುಪುಗಳು, ಬಿರುಕು ಬಿಟ್ಟ ಕೊನೆಯ ಮಸೂರ, ಸೊಳ್ಳೆಗಳು ಹಾರಿಹೋದಾವೆಂದು ಪಂಖವನ್ನೂ ಎಳೆಸದೆ ಸಹಿಸಿದ ಸೆಕೆ. 26 ವರ್ಷ ಕಳೆದ ಮೇಲೆ ಬರೆದ ಇವನ್ನು ಇದ್ದಂತೆಯೇ ತೆಗೆದುಕೊಳ್ಳಬಹುದೇ?

ಇನ್ನೊಂದು ತೊಡಕು ಹುಸೇನ್ ಖಾನ್ ಎಂಬ ರೋಗಿಯದು. ಸೊಳ್ಳೆಗಳಿಗೆ ಮೈಯೊಡ್ಡಿದವನು ಅವನೇ. ಕಚ್ಚಿದ ಒಂದೊಂದು ಸೊಳ್ಳೆಗೂ ಅವನಿಗೆ ಒಂದೊಂದು ಆಣೆ ಸಿಕ್ಕಿತು. ನನಗೆ ದೊರೆತ ಮಾಹಿತಿ ಇಷ್ಟೇ. ಅವನ ಮನೆ, ಹೆಂಡತಿ, ಜ್ವರದ ರಾತ್ರಿಗಳನ್ನು ಕಲ್ಪಿಸಿಕೊಂಡು ಮೂರು ಪುಟ ಬರೆದಿದ್ದೇನೆ. ಮಕ್ಕಳ ಪುಸ್ತಕಕ್ಕೆ ಇಷ್ಟು ಸ್ವಾತಂತ್ರ್ಯ ಸಲ್ಲುವುದೇ?

ಉತ್ತರ: ವಿಜ್ಞಾನ ಪತ್ರಿಕೆಯೊಂದರ ಸಂಪಾದಕ, ಧಾರವಾಡ

ಮಾನ್ಯರೇ, ಮೊದಲ ಪ್ರಶ್ನೆಗೆ ನನ್ನ ಉತ್ತರ ಹೀಗಿದೆ. ಅದೇ ವರ್ಷಗಳಲ್ಲಿ ರಾಸ್ ಅವರು ಲಂಡನ್ನಿನಲ್ಲಿದ್ದ ತಮ್ಮ ಮಾರ್ಗದರ್ಶಕ, ವೈದ್ಯ ಪ್ಯಾಟ್ರಿಕ್ ಮ್ಯಾನ್ಸನ್ ಅವರಿಗೆ ಎಡೆಬಿಡದೆ ಬರೆದ ಪತ್ರಗಳು ಉಳಿದಿವೆ. ಪತ್ರ ಬರೆಯುವವರಿಗೆ ಕಥೆಯ ಕೊನೆ ಗೊತ್ತಿರುವುದಿಲ್ಲ. ಆತ್ಮಕಥನ ಹೊರಬರುವಾಗ ಅವರಿಗೆ ನೊಬೆಲ್ ಬಂದು 21 ವರ್ಷಗಳಾಗಿದ್ದವು. ಹಾಗೆಂದು ತುಕ್ಕು ಹಿಡಿದ ತಿರುಪುಗಳನ್ನು ಕೈಬಿಡಬೇಕಾಗಿಲ್ಲ. 'ರಾಸ್ ಮುಂದೆ ನೆನಪಿಸಿಕೊಂಡಂತೆ' ಎಂಬ ಮೂರು ಪದಗಳನ್ನು ಸೇರಿಸಿದರೆ ಹತ್ತು ವರ್ಷದ ಮಗುವಿಗೂ ಆ ವ್ಯತ್ಯಾಸ ತಿಳಿಯುತ್ತದೆ.

ನನ್ನ ನಿಜವಾದ ಕಾಳಜಿ ಬೇರೆ. ನಮ್ಮ ವಿಜ್ಞಾನಿಗಳ ಚರಿತ್ರೆಗಳು ಸೋಲಿನ ವರ್ಷಗಳನ್ನು ಒಂದು ಪ್ಯಾರಾದಲ್ಲಿ ಮುಗಿಸಿಬಿಡುತ್ತವೆ. ರಾಸ್ ಅವರು 1895ರಿಂದ ಎರಡು ವರ್ಷ ಕೊಯ್ದದ್ದೆಲ್ಲ ಬೇರೆ ಜಾತಿಯ ಸೊಳ್ಳೆಗಳನ್ನು. ಇಂದು ನಾವು ಕ್ಯೂಲೆಕ್ಸ್, ಈಡಿಸ್ ಎಂದು ಕರೆಯುವ ಅವುಗಳಲ್ಲಿ ಮನುಷ್ಯನ ಮಲೇರಿಯ ಬೆಳೆಯುವುದೇ ಇಲ್ಲ. ನಡುವೆ, 1895ರ ಸೆಪ್ಟೆಂಬರ್‌ನಲ್ಲಿ ಕಾಲರಾ ತಡೆಯುವ ಕೆಲಸಕ್ಕೆಂದು ಅವರನ್ನು ಬೆಂಗಳೂರಿಗೆ ಕಳುಹಿಸಲಾಯಿತು. ಹಗಲೆಲ್ಲ ಊರಿನ ನೈರ್ಮಲ್ಯದ ಚಿಂತೆಯಲ್ಲಿದ್ದು, ಉಳಿದ ವೇಳೆಯಲ್ಲಿ ಸಿಗದ ಉತ್ತರವನ್ನು ಹುಡುಕುತ್ತಿದ್ದ ಆ ಬೆಂಗಳೂರಿನ ದಿನಗಳಿಗೆ ದಯವಿಟ್ಟು ಒಂದು ಇಡೀ ಅಧ್ಯಾಯವನ್ನು ಕೊಡಿ.

ಆಗಸ್ಟ್ 20ರಂದು ಅವರು ಕಂಡದ್ದು ಏನೆಂಬುದನ್ನೂ ಹತ್ತಿರದಿಂದ ತೋರಿಸಿ. ರೆಕ್ಕೆಯ ಮೇಲೆ ಚುಕ್ಕೆಗಳಿದ್ದ ಸೊಳ್ಳೆಯ ಜಠರದ ಗೋಡೆಯಲ್ಲಿ ದುಂಡನೆಯ ಜೀವಕೋಶಗಳಿದ್ದವು; ಅವುಗಳೊಳಗೆ ಕಪ್ಪು ಕಣಗಳಿದ್ದವು. ಮಲೇರಿಯ ರೋಗಿಯ ರಕ್ತದಲ್ಲಿ ಪರಾವಲಂಬಿಯೊಳಗೆ ಕಾಣುವ ಕಣಗಳೇ ಅವು. ಸೊಳ್ಳೆಯ ಸ್ವಂತ ಜೀವಕೋಶದಲ್ಲಿ ಅವು ಇರುವ ಕಾರಣವೇ ಇಲ್ಲ. ಮರುದಿನ ಉಳಿದಿದ್ದ ಸೊಳ್ಳೆಯನ್ನು ಕೊಯ್ದಾಗ ಆ ಕೋಶಗಳು ಇನ್ನೂ ದೊಡ್ಡದಾಗಿದ್ದವು. ಒಂದೇ ದಿನದಲ್ಲಿ ಬೆಳೆದದ್ದರಿಂದ ಅದು ಜೀವಿಯೆಂದು ಖಚಿತವಾಯಿತು. ಬಿರುಕು ಬಿಟ್ಟ ಮಸೂರಕ್ಕಿಂತ ಈ ಬೆಳವಣಿಗೆಯೇ ಮಕ್ಕಳ ಮೈ ನವಿರೇಳಿಸುತ್ತದೆ ಎಂದು ನಾನು ನಂಬಿದ್ದೇನೆ.

ಉತ್ತರ: ವೈದ್ಯ, ಶಿವಮೊಗ್ಗ

ಮೇಡಂ, ಆ ಮೂರು ಪುಟಗಳನ್ನು ತೆಗೆದುಬಿಡಿ ಎಂದು ಕೇಳಿಕೊಳ್ಳುತ್ತೇನೆ. ಹುಸೇನ್ ಖಾನ್ ಬದುಕಿದ್ದ ಮನುಷ್ಯರು. ಅವರಿಗಿತ್ತೋ ಇಲ್ಲವೋ ತಿಳಿಯದ ಹೆಂಡತಿಯನ್ನು ನಾವು ಕೊಡುವುದು ಸರಿಯಲ್ಲ. ಗೊತ್ತಿರುವುದನ್ನೇ ಇನ್ನಷ್ಟು ವಿಚಾರಿಸಿ ಬರೆಯಬಹುದು. ಒಂದು ಆಣೆ ಎಂದರೆ ರೂಪಾಯಿಯ 16ನೆಯ ಒಂದು ಪಾಲು. ಅವರ ರಕ್ತದಲ್ಲಿದ್ದದ್ದು ಎಳೆಚಂದ್ರನಂತೆ ಬಾಗಿದ ರೂಪ. ಸೊಳ್ಳೆಯೊಳಗೆ ಹೋಗಿ ಮುಂದುವರಿಯಬಲ್ಲದ್ದು ಪರಾವಲಂಬಿಯ ಆ ಹಂತವೇ. ಹಾಗಾಗಿ ಯಾವನೋ ಒಬ್ಬ ಜ್ವರದವನನ್ನು ಕರೆತಂದಿದ್ದರೆ ಪ್ರಯೋಗ ನಡೆಯುತ್ತಿರಲಿಲ್ಲ. ಇಂಥ ರಕ್ತವಿದ್ದವರೇ ಬೇಕಾಗಿತ್ತು. ಇದು ಕಲ್ಪನೆಯಲ್ಲ, ಆದರೂ ಅವರನ್ನು ಕಥೆಯ ನಡುವಿಗೆ ತರುತ್ತದೆ.

ಇನ್ನೊಂದು ಮಾತು ಹೇಳಲು ಸಂಕೋಚವಾಗುತ್ತದೆ, ಆದರೂ ಹೇಳುತ್ತೇನೆ. ನಿಮ್ಮ ಪ್ರಶ್ನೆಯಲ್ಲಿ ರಾಸ್ 'ಅವರು', ಹುಸೇನ್ ಖಾನ್ 'ಅವನು'. ಇದು ನಿಮ್ಮೊಬ್ಬರ ರೂಢಿಯಲ್ಲ. ವೈದ್ಯರ ಬಗ್ಗೆ ಕನ್ನಡದಲ್ಲಿ ಬರೆಯುವ ನಾವೆಲ್ಲರೂ ವೈದ್ಯರಿಗೆ ಬಹುವಚನವನ್ನೂ ರೋಗಿಗೆ ಏಕವಚನವನ್ನೂ ಯೋಚಿಸದೆಯೇ ಬಳಸುತ್ತೇವೆ. ಮೂವತ್ತು ವರ್ಷ ರೋಗಿಗಳ ವಿವರ ಬರೆದ ನನ್ನ ಕೈಗೂ ಈ ಅಭ್ಯಾಸ ಅಂಟಿದೆ; ಮೇಲಿನ ಪ್ಯಾರಾದಲ್ಲೇ 'ಜ್ವರದವನನ್ನು' ಎಂದು ಬರೆದಿದ್ದೇನೆ.

ಉತ್ತರ: ಸಂಶೋಧನಾ ವಿದ್ಯಾರ್ಥಿನಿ, ಬೆಂಗಳೂರು

ಕಲ್ಪಿತ ಸಂಭಾಷಣೆಯ ಅಪಾಯಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಜೀವರಸಾಯನ ವಿಜ್ಞಾನಿ ಕಮಲಾ ಸೊಹೋನಿ ಅವರು 1933ರಲ್ಲಿ ನಮ್ಮ ಊರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಬಯಸಿದಾಗ, ಹೆಣ್ಣೆಂಬ ಕಾರಣಕ್ಕೆ ನಿರ್ದೇಶಕರಾಗಿದ್ದ ಸಿ. ವಿ. ರಾಮನ್ ಅವರು ಒಪ್ಪಲಿಲ್ಲ. ಕಮಲಾ ಅವರು ಪಟ್ಟು ಬಿಡದಿದ್ದುದರಿಂದ ಒಂದು ವರ್ಷ ಪರೀಕ್ಷಾರ್ಥವಾಗಿ ಸೇರಿಸಿಕೊಂಡರು. ಈ ಪ್ರಸಂಗವನ್ನು ಬರೆದವರೆಲ್ಲರೂ ಇಬ್ಬರ ಬಾಯಲ್ಲೂ ತಮಗೆ ತೋಚಿದ ಮಾತನ್ನು ಇಡುತ್ತಾ ಹೋಗಿ, ಈಗ ಯಾವ ಮಾತು ಯಾರದೆಂಬುದೇ ತಿಳಿಯದಂತಾಗಿದೆ. ಅದಕ್ಕಿಂತ ನೋವಿನ ಸಂಗತಿ ಎಂದರೆ, ಪ್ರವೇಶದ ಜಗಳಕ್ಕೆ ನಾಲ್ಕು ಪುಟ ಕೊಡುವ ಲೇಖನಗಳು ಅವರು ಮುಂದೆ ಕೇಂಬ್ರಿಜ್‌ನಲ್ಲಿ ಆಲೂಗಡ್ಡೆಯ ಮೇಲೆ ಕೆಲಸ ಮಾಡಿ, ಜೀವಕೋಶಗಳ ಉಸಿರಾಟಕ್ಕೆ ಬೇಕಾದ ಸೈಟೋಕ್ರೋಮ್ ಸಿ ಎಂಬ ಪ್ರೋಟೀನು ಸಸ್ಯಗಳಲ್ಲಿಯೂ ಇದೆಯೆಂದು ತೋರಿಸಿ, 1939ರಲ್ಲಿ ಡಾಕ್ಟರೇಟ್ ಪಡೆದದ್ದಕ್ಕೆ ಒಂದೇ ಸಾಲು ಕೊಡುತ್ತವೆ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞಳಾಗಿದ್ದೇನೆ. ಮೂರು ಪುಟಗಳನ್ನು ನಿನ್ನೆ ರಾತ್ರಿಯೇ ತೆಗೆದೆ. ಬೆಂಗಳೂರಿನ ಅಧ್ಯಾಯಕ್ಕೆ ಟಿಪ್ಪಣಿ ಮಾಡಿಕೊಳ್ಳತೊಡಗಿದ್ದೇನೆ. ಡಾಕ್ಟರರ ಮಾತು ಓದಿ ಹಸ್ತಪ್ರತಿಯನ್ನು ಮತ್ತೆ ನೋಡಿದರೆ, ಕಲ್ಕತ್ತೆಯಲ್ಲಿ ರಾಸ್ ಅವರಿಗೆ ಸಹಾಯಕರಾಗಿದ್ದ ಮಹಮ್ಮದ್ ಬಕ್ಷ್ ಅವರೂ ಎಲ್ಲ ಕಡೆ ಏಕವಚನದಲ್ಲೇ ಇದ್ದರು. ಒಂದೊಂದಾಗಿ ತಿದ್ದುತ್ತಿದ್ದೇನೆ. ರಕ್ತದಲ್ಲಿದ್ದ ಆ ರೂಪಕ್ಕೆ 'ಬಿದಿಗೆಯ ಚಂದ್ರನಂತೆ' ಎಂದು ಬರೆಯೋಣವೆಂದಿದ್ದೇನೆ. ಈಗಿನ ಮಕ್ಕಳಿಗೆ ಬಿದಿಗೆ ಎಂದರೆ ತಿಳಿದೀತೇ, ಹೇಳಿ.