ಉಳಿತಾಯ, ಹೂಡಿಕೆ: ಭಾನುವಾರದ ಪ್ರಶ್ನೋತ್ತರ

ಅಡ್ಮಿನ್: ಇವತ್ತು ಸಂಜೆ ನಾಲ್ಕರಿಂದ ಆರರವರೆಗೆ ಸುಜಾತಾ ಮೇಡಂ ಉತ್ತರಿಸುತ್ತಾರೆ. ಮೊದಲು ಬ್ಯಾಂಕಿನಲ್ಲಿದ್ದವರು, ಈಗ ಸೆಬಿಯಲ್ಲಿ (ಷೇರು ಮಾರುಕಟ್ಟೆಯ ನಿಯಂತ್ರಕ ಸಂಸ್ಥೆ) ನೋಂದಾಯಿತ ಹೂಡಿಕೆ ಸಲಹೆಗಾರರು. ಹೊಸಬರಿಗೆ ಆದ್ಯತೆ. ದಯವಿಟ್ಟು ಫಾರ್ವರ್ಡ್ ಹಾಕಬೇಡಿ.

ನಿಶ್ಮಿತಾ, ಸುರತ್ಕಲ್: ಮೇಡಂ, ಕೆಲಸಕ್ಕೆ ಸೇರಿ ಮೂರು ತಿಂಗಳಾಯ್ತು. ಕೈಗೆ 28,000 ಬರುತ್ತದೆ. ಮನೆಗೆ ಕೊಟ್ಟು, ಬಸ್ಸು, ಊಟ ಎಲ್ಲ ಕಳೆದು 8,000 ಉಳಿಸಬಹುದು. ಎಲ್ಲಿಂದ ಶುರು ಮಾಡಲಿ?

ಸುಜಾತಾ: ಮೊದಲು ತುರ್ತಿಗೆ ಅಂತ ಬೇರೆ ಇಡಿ. ನಿಮ್ಮ ಖರ್ಚು ತಿಂಗಳಿಗೆ 20,000 ತಾನೇ? ಮೂರು ತಿಂಗಳದ್ದು, ಅಂದ್ರೆ 60,000 ಆಗುವವರೆಗೆ ಆರ್‌ಡಿ, ಅಂದ್ರೆ ತಿಂಗಳ ಕಂತಿನ ಠೇವಣಿ ಕಟ್ಟಿ. ಎಂಟು ತಿಂಗಳು ಸಾಕು. ಸಂಬಳ ಬಂದ ಮರುದಿನವೇ ಕಡಿತ ಆಗುವ ಹಾಗೆ ಬ್ಯಾಂಕಿಗೆ ಬರೆದುಕೊಡಿ. ತಿಂಗಳ ಕೊನೆಗೆ ಉಳಿದದ್ದು ಹಾಕ್ತೇನೆ ಅಂದವರಿಗೆ ಏನೂ ಉಳಿಯುವುದಿಲ್ಲ. ಜೊತೆಗೆ ಸ್ವಂತ ಆರೋಗ್ಯ ವಿಮೆ ನೋಡಿ, ಆಫೀಸಿನದ್ದು ಕೆಲಸ ಬಿಟ್ಟರೆ ಮುಗೀತು. ಆಮೇಲೆ, ಏಳೆಂಟು ವರ್ಷ ಮುಟ್ಟದ ದುಡ್ಡಿಗೆ ಮಾತ್ರ ಇಂಡೆಕ್ಸ್ ಫಂಡಿನಲ್ಲಿ (ಸೂಚ್ಯಂಕದ ಷೇರುಗಳಲ್ಲಿ ಹಾಕುವ ಮ್ಯೂಚುವಲ್ ಫಂಡ್) ಎಸ್‌ಐಪಿ, ಅಂದ್ರೆ ತಿಂಗಳು ತಿಂಗಳು ಹೂಡುವುದು. 500 ರೂಪಾಯಿಗೂ ಆಗುತ್ತದೆ. ಮಾರುಕಟ್ಟೆ ಬಿದ್ದಾಗ ಅದೂ ಬೀಳುತ್ತದೆ. ಆಗ ಹೆದರಿ ನಿಲ್ಲಿಸುವುದಾದರೆ ಶುರು ಮಾಡಲೇಬೇಡಿ.

ಹರೀಶ್: ಬೆಸ್ಟ್ ಫಂಡ್ ಯಾವುದು ಮೇಡಂ? ಒಂದು ಹೆಸರು ಹೇಳಿ.

ಸುಜಾತಾ: ಗ್ರೂಪಿನಲ್ಲಿ ಹೆಸರು ಹೇಳುವುದಿಲ್ಲ.

ವಸಂತ, ಉಡುಪಿ: ಎಸ್‌ಐಪಿ ಅಂತ ಈಗ ದೊಡ್ಡ ಹೆಸರು ಅಷ್ಟೆ. ನಮ್ಮ ಉಡುಪಿಯಲ್ಲಿ ಸಿಂಡಿಕೇಟ್ ಬ್ಯಾಂಕಿನವರು 1928ರಲ್ಲೇ ಪಿಗ್ಮಿ ಶುರು ಮಾಡಿದ್ದರು. ದಿನಕ್ಕೆ ಎರಡಾಣೆ, ಏಜೆಂಟ್ ಮನೆ ಬಾಗಿಲಿಗೇ ಬರುತ್ತಿದ್ದ. ನಾನು ಈಗಲೂ ಸೊಸೈಟಿಯಲ್ಲಿ ಪಿಗ್ಮಿ ಕಟ್ಟುತ್ತೇನೆ. ನಿವೃತ್ತಿಯಲ್ಲಿ ಬಂದ 14 ಲಕ್ಷವೂ ಅಲ್ಲೇ ಉಂಟು. ಬ್ಯಾಂಕಿಗಿಂತ ಎರಡು ಪರ್ಸೆಂಟ್ ಜಾಸ್ತಿ ಬಡ್ಡಿ.

ಸುಜಾತಾ: ಪಿಗ್ಮಿ ಒಳ್ಳೆ ಅಭ್ಯಾಸ, ವಸಂತಣ್ಣ. ಆದರೆ 14 ಲಕ್ಷ ಒಂದೇ ಸೊಸೈಟಿಯಲ್ಲಿ ಬೇಡ. ಠೇವಣಿಗೆ 5 ಲಕ್ಷದವರೆಗೆ ವಿಮೆ ಇರುವುದು ಬ್ಯಾಂಕುಗಳಿಗೆ, ಸಹಕಾರಿ ಬ್ಯಾಂಕು ಸೇರಿ. ಕ್ರೆಡಿಟ್ ಸೊಸೈಟಿಗೆ, ಸೌಹಾರ್ದ ಸಹಕಾರಿಗೆ ಆ ವಿಮೆ ಇಲ್ಲ. ಬ್ಯಾಂಕಿನಲ್ಲೂ ಅಸಲು, ಬಡ್ಡಿ, ಎಲ್ಲ ಶಾಖೆಗಳ ಖಾತೆ ಒಟ್ಟು ಸೇರಿಸಿಯೇ 5 ಲಕ್ಷ.

ವಸಂತ: ನಮ್ಮ ಸೊಸೈಟಿಯ ಡೈರೆಕ್ಟರುಗಳೆಲ್ಲ ಪರಿಚಯದವರು.

ರೋಶನ್, ಬಿಜೈ: ಪರಿಚಯ ಇದ್ರೆ ದುಡ್ಡು ವಾಪಸ್ ಬರ್ತದಾ ಮಾರಾಯ್ರೆ?

ವಸಂತ: ನಿಮ್ಮ ಬ್ಯಾಂಕುಗಳ ಕಥೆ ಎಂತ? ವಿಜಯಾ ಬ್ಯಾಂಕ್ 2019ರಲ್ಲಿ ಬೇರೆ ಬ್ಯಾಂಕಿಗೆ ವಿಲೀನವಾಗಿ ಹೋಯ್ತು. ಸಿಂಡಿಕೇಟ್, ಕಾರ್ಪೊರೇಷನ್ 2020ರಲ್ಲಿ.

ರೋಶನ್: ಬೋರ್ಡು ಬದಲಾಯ್ತು. ಯಾರ ಠೇವಣಿ ಮುಳುಗಿತು ಹೇಳಿ ನೋಡುವ?

ಪ್ರಜ್ವಲ್, ಕಾಪು: ಮೇಡಂ, ನನ್ನದು ಸ್ವಲ್ಪ ಬೇರೆ. ಅಮ್ಮನ ಬಂಗಾರ ಅಡವಿಟ್ಟು 9 ಪರ್ಸೆಂಟಿಗೆ 4 ಲಕ್ಷ ತೆಗೆದು ಒಂದು ಟ್ರೇಡಿಂಗ್ ಆ್ಯಪಿಗೆ ಹಾಕಿದ್ದೇನೆ. ತಿಂಗಳಿಗೆ 3 ಪರ್ಸೆಂಟ್ ಕೊಡುತ್ತಾರೆ. ಎರಡು ತಿಂಗಳು 12,000 ಸರಿಯಾಗಿ ಬಂತು. ಬ್ಯಾಂಕಿನ ಬಡ್ಡಿ 3,000 ಕಳೆದರೂ 9,000 ಲಾಭ. ಈಗ ಇನ್ನೂ 2 ಲಕ್ಷ ಹಾಕಿದ್ರೆ 4 ಪರ್ಸೆಂಟ್ ಅಂತಿದ್ದಾರೆ. ಹಾಕಬಹುದಾ?

ಸುಜಾತಾ: ಬೇಡ. ಒಂದು ರೂಪಾಯಿಯೂ ಬೇಡ. ದುಡ್ಡು ಯಾರ ಖಾತೆಗೆ ಹಾಕಿದಿರಿ? ಕಾಗದ ಏನಾದರೂ ಉಂಟಾ?

ಪ್ರಜ್ವಲ್: ಕಾಗದ ಇಲ್ಲ. ವಾಟ್ಸ್ಆ್ಯಪ್ ಗ್ರೂಪಿನಲ್ಲಿ ಪ್ರತಿ ಸಲ ಬೇರೆ ಬೇರೆ ಖಾತೆ ನಂಬರ್ ಕೊಡುತ್ತಿದ್ದರು. ಆ್ಯಪಿನಲ್ಲಿ ಈಗ 5.1 ಲಕ್ಷ ತೋರಿಸ್ತಾ ಉಂಟು.

ಶಶಿಕಲಾ: ಮೇಡಂ ಇದು ನಿಜವಾ? ಮಂತ್ರಿಗಳೇ ವಿಡಿಯೋದಲ್ಲಿ ಹೇಳಿದ್ದಾರೆ, 21,000 ಹಾಕಿದ್ರೆ ತಿಂಗಳಿಗೆ ಲಕ್ಷಗಟ್ಟಲೆ ಬರ್ತದಂತೆ. (ಫಾರ್ವರ್ಡ್)

ಸುಜಾತಾ: ಸುಳ್ಳು. ಮುಖ, ಧ್ವನಿ ಎರಡೂ ಕಂಪ್ಯೂಟರಿನಲ್ಲಿ ಮಾಡಿದ್ದು. ಅಳಿಸಿ.

ಸುಜಾತಾ: ಪ್ರಜ್ವಲ್, ನಿಧಾನ ಓದಿ. ನಿಮಗೆ ಬಂದ 24,000 ಲಾಭ ಅಲ್ಲ. ನಿಮ್ಮದೇ ದುಡ್ಡು, ಇಲ್ಲಾಂದ್ರೆ ನಿಮ್ಮ ಹಾಗೆ ಹಾಕಿದ ಇನ್ನೊಬ್ಬರದ್ದು. ಆ ಇನ್ನೊಬ್ಬರು ದೂರು ಕೊಟ್ಟರೆ ಪೊಲೀಸರು ದುಡ್ಡು ಹೋದ ದಾರಿ ಹಿಡಿದು ಬರುತ್ತಾರೆ. ಆಗ ನಿಮ್ಮ ಸಂಬಳದ ಖಾತೆಗೇ ತಡೆ ಬೀಳಬಹುದು. ಆ್ಯಪಿನ 5.1 ಲಕ್ಷ ಪರದೆ ಮೇಲಿನ ಅಂಕಿ ಅಷ್ಟೆ. ನಿಜವಾಗಿ ಷೇರು ತೆಗೆದಿದ್ದರೆ ಅದು ನಿಮ್ಮ ಪ್ಯಾನ್ ನಂಬರಿನ ಡಿಮ್ಯಾಟ್ ಖಾತೆಯಲ್ಲಿ, ಅಂದ್ರೆ ಷೇರು ಇಡುವ ಖಾತೆಯಲ್ಲಿರಬೇಕು. ಅಂಥ ಖಾತೆಗಳ ಲೆಕ್ಕ ಇಡುವ ಎನ್‌ಎಸ್‌ಡಿಎಲ್ ಅಥವಾ ಸಿಡಿಎಸ್‌ಎಲ್‌ನಿಂದ ನಿಮ್ಮ ಮೇಲ್‌ಗೆ ಸ್ಟೇಟ್‌ಮೆಂಟ್ ಬರಬೇಕು. ಅದರಲ್ಲಿ ಇಲ್ಲ ಅಂದ್ರೆ ಎಲ್ಲೂ ಇಲ್ಲ. ನಿಜವಾದ ಬ್ರೋಕರ್ ತನ್ನ ಹೆಸರಿನ ಖಾತೆಗೆ ಮಾತ್ರ ದುಡ್ಡು ತೆಗೆದುಕೊಳ್ಳುತ್ತಾನೆ, ದಿನಕ್ಕೊಬ್ಬರ ಖಾತೆಗೆ ಅಲ್ಲ. ಈಗ ಒಂದು ಕೆಲಸ ಮಾಡಿ. ಪೂರ್ತಿ ದುಡ್ಡು ವಾಪಸ್ ಬೇಕು ಅಂತ ಕೇಳಿ, ಅವರು ಏನು ಹೇಳಿದರು ಅಂತ ಇಲ್ಲಿ ಬರೆಯಿರಿ. ಅದಕ್ಕೂ ಮೊದಲು ಚಾಟ್, ಖಾತೆ ನಂಬರ್, ಯುಟಿಆರ್ ನಂಬರ್ (ದುಡ್ಡು ಕಳಿಸಿದ ವ್ಯವಹಾರದ ನಂಬರ್) ಎಲ್ಲದರ ಸ್ಕ್ರೀನ್‌ಶಾಟ್ ತೆಗೆಯಿರಿ. ಬೇರೆ ಯಾರನ್ನಾದರೂ ಸೇರಿಸಿದ್ದೀರಾ?

ಪ್ರಜ್ವಲ್: ಚಿಕ್ಕಮ್ಮನ ಮಗಳನ್ನು. 50,000 ಹಾಕಿದ್ದಾಳೆ. ನನಗೆ ಕಮಿಷನ್ ಬಂದಿತ್ತು.

ಸುಜಾತಾ: ಅವಳಿಗೆ ಈಗಲೇ ಫೋನ್ ಮಾಡಿ. ಅನಧಿಕೃತ ಠೇವಣಿ ನಿಷೇಧಕ್ಕೆ 2019ರಲ್ಲಿ ಕಾಯ್ದೆಯೇ ಬಂದಿದೆ. ಗೊತ್ತಿದ್ದೂ ಜನ ಸೇರಿಸಿದವರನ್ನೂ ಅದು ಬಿಡುವುದಿಲ್ಲ. ಇಲ್ಲಿಯವರೆಗೆ ನಿಮಗೆ ಗೊತ್ತಿರಲಿಲ್ಲ. ಈಗ ಗೊತ್ತಾಯ್ತು.

ಇಮ್ರಾನ್, ಉಳ್ಳಾಲ: ಮುಂದಿನ ತಿಂಗಳು ದುಬೈಗೆ ಹೋಗುತ್ತಿದ್ದೇನೆ. ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಯೋಜನೆ) ಖಾತೆ ಮುಚ್ಚಬೇಕಾ?

ಸುಜಾತಾ: ಬೇಡ. 15 ವರ್ಷ ಮುಗಿಯುವವರೆಗೆ ಕಟ್ಟಬಹುದು, ಆಮೇಲೆ ಮುಂದುವರಿಸಲು ಆಗುವುದಿಲ್ಲ. ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದ್ರೆ ವಿದೇಶದಲ್ಲಿರುವ ಭಾರತೀಯರ ಖಾತೆ ಮಾಡಿಸಿ.

ಹರೀಶ್: 5,000 ಎಸ್‌ಐಪಿಗೆ ಯಾವ ಫಂಡ್ ಒಳ್ಳೇದು?

ಸುಜಾತಾ: ಮೇಲೆ ಓದಿ.

ಲವೀನಾ: ಜ್ಯುವೆಲರಿಯವರ 11 ತಿಂಗಳ ಸ್ಕೀಮ್ ಸೇರಬಹುದಾ? ಒಂದು ಕಂತು ಅವರೇ ಹಾಕುತ್ತಾರಂತೆ.

ರೋಶನ್: ಬಂಗಾರ ತಗೊಂಡು ಕಪಾಟಿನಲ್ಲಿಟ್ಟರೆ ಎಂತ ಬಂತು? ಮಜೂರಿ ಹೋಯ್ತು, ಮೇಲೆ 3 ಪರ್ಸೆಂಟ್ ಜಿಎಸ್‌ಟಿ.

ವಸಂತ: ಕಷ್ಟಕ್ಕೆ ಆಗುವುದು ಬಂಗಾರವೇ. ನಿಮ್ಮ ಷೇರು ಅಡವಿಡಲಿಕ್ಕೆ ಆಗ್ತದಾ?

ರೋಶನ್: ಆಗ್ತದೆ. ಷೇರಿಗೂ ಬ್ಯಾಂಕಿನಲ್ಲಿ ಸಾಲ ಸಿಗ್ತದೆ. ಗೊತ್ತಿಲ್ಲದಿದ್ದರೆ ಸುಮ್ನೆ ಇರಿ.

ವಸಂತ: ವಯಸ್ಸಿಗೆ ಒಂದಿಷ್ಟು ಮರ್ಯಾದೆ ಕೊಡಿ. ನೀವು ಹುಟ್ಟುವ ಮೊದಲಿಂದ ನಾನು ಬ್ಯಾಂಕಿಗೆ ಹೋಗುತ್ತಿದ್ದೇನೆ.

ಅಡ್ಮಿನ್: ಇಬ್ಬರೂ ಸಾಕು.

ಸುಜಾತಾ: ಲವೀನಾ, ಮದುವೆಗೆ ಬಂಗಾರ ಬೇಕೇ ಬೇಕು ಅಂತಾದರೆ ಸೇರಿ. ಅದು ಅಂಗಡಿಗೆ ಕೊಟ್ಟ ಮುಂಗಡ, ಠೇವಣಿ ಅಲ್ಲ. ವಿಮೆ ಇಲ್ಲ. ಮಜೂರಿ ಎಷ್ಟು ಅಂತ ಮೊದಲೇ ಬರೆಸಿಕೊಳ್ಳಿ, ಉಚಿತ ಕಂತು ಅಲ್ಲೇ ವಸೂಲಾಗುತ್ತದೆ.

ಗಣೇಶ್, ಕುಂದಾಪುರ: ಐದು ಸೆಂಟ್ಸ್ ಜಾಗ ತೆಗೆಯುವುದಾ, ಫ್ಲ್ಯಾಟ್ ಬುಕ್ ಮಾಡುವುದಾ?

ಶಶಿಕಲಾ: ಎರಡು ಬ್ಯಾಂಕಿನಲ್ಲಿ ಖಾತೆ ಇದ್ರೆ ದಂಡ ಅಂತೆ ಮೇಡಂ. (ಫಾರ್ವರ್ಡ್)

ಸುಜಾತಾ: ಶಶಿಕಲಾ ಅವರೇ, ಇದೂ ಸುಳ್ಳು. ಓದದೆ ಕಳಿಸಬೇಡಿ. ಇನ್ನು ನಿಮ್ಮ ಫಾರ್ವರ್ಡ್‌ಗೆ ನಾನು ಉತ್ತರಿಸುವುದಿಲ್ಲ.

ಶಶಿಕಲಾ: ಕೇಳಿದ್ದು ತಪ್ಪಾ? ಗೊತ್ತಿಲ್ಲದ್ದನ್ನು ಕೇಳಲಿಕ್ಕೇ ಅಲ್ವಾ ಈ ಗ್ರೂಪ್?

ಪ್ರಜ್ವಲ್: ಮೇಡಂ, ಕೇಳಿದೆ. ಲಾಭಕ್ಕೆ 18 ಪರ್ಸೆಂಟ್ ಟ್ಯಾಕ್ಸ್ ಮೊದಲು ಕಟ್ಟಿದ್ರೆ ಮಾತ್ರ ವಾಪಸ್ ಅಂತಿದ್ದಾರೆ. 20,000 ಆಗ್ತದೆ. ಕಟ್ಟಿಬಿಟ್ಟರೆ 5 ಲಕ್ಷ ಬರ್ತದಲ್ವಾ?

ಸುಜಾತಾ: ಬರುವುದಿಲ್ಲ. 20,000 ಕಟ್ಟಿದರೆ ನಾಳೆ ಇನ್ನೊಂದು ಶುಲ್ಕ ಹೇಳುತ್ತಾರೆ. ತೆರಿಗೆ ಸರ್ಕಾರಕ್ಕೆ ಕಟ್ಟುವುದು, ವಾಟ್ಸ್ಆ್ಯಪ್ ಗ್ರೂಪಿಗಲ್ಲ. ಈಗಲೇ 1930ಕ್ಕೆ ಕರೆ ಮಾಡಿ. ಅದು ಸೈಬರ್ ವಂಚನೆಯ ಸಹಾಯವಾಣಿ. ಬೇಗ ಹೇಳಿದಷ್ಟು ಆ ಖಾತೆಗಳಲ್ಲಿ ಉಳಿದ ದುಡ್ಡು ತಡೆಹಿಡಿಯುವ ಸಾಧ್ಯತೆ ಜಾಸ್ತಿ. ದೂರಿನ ನಂಬರ್ ಬರೆದಿಟ್ಟುಕೊಂಡು ನಾಳೆ ಬೆಳಿಗ್ಗೆ ನಿಮ್ಮ ಬ್ಯಾಂಕಿಗೂ, ಸೈಬರ್ ಠಾಣೆಗೂ ಹೋಗಿ. ಬಂಗಾರದ ಸಾಲಕ್ಕೆ ಬಡ್ಡಿ ತಪ್ಪಿಸಬೇಡಿ, ಬಾಕಿ ಬೆಳೆದರೆ ಹರಾಜಿನ ನೋಟಿಸ್ ಬರುತ್ತದೆ. ಸಂಬಳದಿಂದ ಅಸಲನ್ನೂ ಸ್ವಲ್ಪ ಸ್ವಲ್ಪ ಇಳಿಸಿ. ಅಮ್ಮನಿಗೆ ಇವತ್ತೇ ಹೇಳಿ.

ಹರೀಶ್: ಮೇಡಂ, ಫಂಡ್ ಹೆಸರು?

ಅಡ್ಮಿನ್: ಸಮಯ ಮುಗಿಯಿತು. ಗ್ರೂಪ್ ಬಂದ್ ಮಾಡುತ್ತಿದ್ದೇನೆ. ಪ್ರಜ್ವಲ್, ದೂರು ಕೊಟ್ಟ ಮೇಲೆ ನನಗೆ ಮೆಸೇಜ್ ಮಾಡಿ.