ಪಕ್ಷಿ ಡಾಕ್ಟರನ್ನು ಕೇಳಿ: ಕಾಕಟೂ ಮತ್ತು ಗಿಣಿ

ಮೈಸೂರಿನವರು: ಡಾಕ್ಟ್ರೇ, ಜುಟ್ಟು ಬಿಟ್ಟರೆ ಕಾಕಟೂಗೂ ಬೇರೆ ಗಿಣಿಗಳಿಗೂ ಏನು ವ್ಯತ್ಯಾಸ?

ಡಾಕ್ಟರ್: ಹಸಿರು, ನೀಲಿ ಗರಿ ಇರುವುದಿಲ್ಲ. ಆ ಬಣ್ಣ ಕಾಣಿಸುವ ಗರಿಯ ರಚನೆಯೇ ಇವಕ್ಕಿಲ್ಲ. ಪಿತ್ತಕೋಶ ಇದೆ, ಹೆಚ್ಚಿನ ಗಿಣಿಗಳಿಗೆ ಇಲ್ಲ. ಮೈಮೇಲೆ ಬಿಳಿ ಪುಡಿಯೂ ಜಾಸ್ತಿ.

ಬೆಂಗಳೂರಿನವರು: ಜೋಡಿಗೆ ರೇಟ್ ಎಷ್ಟು ಸರ್?

ಹಾಸನದವರು: ನಮ್ಮ ಬಿಳಿ ಕಾಕಟೂ ಗರಿ ಉದುರುತ್ತಿದೆ. ಬೇಜಾರಿಗೆ ಕಿತ್ತುಕೊಳ್ಳುತ್ತೆ ಅಂತಾರೆ. ಜುಟ್ಟೂ ಬೋಳಾಗಿದೆ. ಮೊದಲು ಹೆಗಲ ಮೇಲೆ ಕೂತರೆ ಶರ್ಟೆಲ್ಲ ಪುಡಿ. ಈಗ ಇಲ್ಲ. ಕೊಕ್ಕು ಮಾತ್ರ ಕಪ್ಪಗೆ ಮಿರಮಿರ ಮಿಂಚುತ್ತಿದೆ.

ಡಾಕ್ಟರ್: ಆ ಮಿಂಚೇ ನನಗೆ ಹೆದರಿಕೆ. ಕೊಕ್ಕು ಕಪ್ಪೇ, ಆದರೆ ಪುಡಿ ಕೂತು ಬೂದಿ ಸವರಿದ ಹಾಗೆ ಕಾಣಬೇಕು. ಬೆರಳಲ್ಲಿ ಒರೆಸಿದರೆ ಗೆರೆ ಬೀಳಬೇಕು. ಹೊಳೆಯುತ್ತಿದೆ ಅಂದರೆ ಪುಡಿ ಕೊಡುವ ಗರಿಗಳೇ ಹಾಳಾಗಿರಬಹುದು. ಇನ್ನು ಜುಟ್ಟು. ತನ್ನ ಕೊಕ್ಕು ತನ್ನ ತಲೆಗೆ ಎಟುಕುತ್ತದಾ? ಬೇಜಾರಿಗೆ ಕೀಳುವ ಹಕ್ಕಿಗೆ ಮೈ ಬೋಳಾಗುತ್ತೆ, ತಲೆ ಉಳಿಯುತ್ತೆ. ಇದು ಪಿಬಿಎಫ್‌ಡಿ ಇರಬಹುದು, ಕೊಕ್ಕು ಮತ್ತು ಗರಿಯ ವೈರಸ್ ರೋಗ. ರಕ್ತ, ಗರಿ ಎರಡನ್ನೂ ಪಿಸಿಆರ್ ಟೆಸ್ಟಿಗೆ ಕಳಿಸಿ. ವಾಸಿ ಮಾಡುವ ಔಷಧಿ ಇಲ್ಲ, ಆರೈಕೆ ಮಾಡಬಹುದು. ಗರಿಯ ಧೂಳು, ಹಿಕ್ಕೆಯಿಂದ ಹರಡುತ್ತದೆ. ಮನೆಯಲ್ಲಿ ಬೇರೆ ಹಕ್ಕಿ ಇವೆಯಾ? ಮೊದಲು ಅದು ಹೇಳಿ.

ಶಿವಮೊಗ್ಗದವರು: ಒಂದು ಫಾರ್ವರ್ಡ್ ಬಂದಿದೆ. ಅರಿಶಿನ, ಬೇವಿನೆಣ್ಣೆ ಕಲಸಿ ಹಚ್ಚಿದರೆ ಎಂಟು ದಿನದಲ್ಲಿ ಗರಿ ಬರುತ್ತಂತೆ.

ಡಾಕ್ಟರ್: ಹಚ್ಚಬೇಡಿ. ಎಣ್ಣೆಗೆ ಗರಿ ಅಂಟಿದರೆ ಮೈ ಬಿಸಿ ನಿಲ್ಲಲ್ಲ. ಗರಿ ತೀಡಿಕೊಳ್ಳುವಾಗ ಎಣ್ಣೆಯೆಲ್ಲ ಹೊಟ್ಟೆಗೆ. ಈ ಮೆಸೇಜ್ ಇದೇ ವಾರ ನಾಲ್ಕನೇ ಸಲ ನೋಡುತ್ತಿದ್ದೇನೆ.

ತುಮಕೂರಿನವರು: ಕಾಕಟೀಲ್ ಕೂಡ ಕಾಕಟೂನಾ?

ಮೈಸೂರಿನವರು: ಅಲ್ಲ. ಸುಮ್ನೆ ಜುಟ್ಟಿರೋ ಗಿಣಿ.

ಶಿವಮೊಗ್ಗದವರು: ಕಾಕಟೂ ಕುಟುಂಬದ್ದೇ ಸ್ವಾಮಿ. ಅದರಲ್ಲಿ ಎಲ್ಲಕ್ಕಿಂತ ಚಿಕ್ಕದು.

ಮೈಸೂರಿನವರು: ಹಕ್ಕಿಗೆ ಎಣ್ಣೆ ಹಚ್ಚಿಸೋರು ಪಾಠ ಹೇಳ್ತೀರಾ?

ಶಿವಮೊಗ್ಗದವರು: ನಾನು ಹಚ್ಚಿ ಅಂದೆನಾ? ಬಂದಿದ್ದನ್ನ ಕಳಿಸಿದೆ ಅಷ್ಟೇ.

ಡಾಕ್ಟರ್: ಕಾಕಟೀಲ್ ವಿಷಯದಲ್ಲಿ ಶಿವಮೊಗ್ಗದವರು ಸರಿ. ಜಗಳ ಬೇರೆ ಕಡೆ ಮಾಡಿ.

ಧಾರವಾಡದವರು: ಬೆಣ್ಣೆಹಣ್ಣು ಕೊಡಬಹುದಾ?

ಡಾಕ್ಟರ್: ಬೇಡ. ಗಿಣಿಗಳಿಗೆ ವಿಷ.

ತುಮಕೂರಿನವರು: ಬೆಣ್ಣೆಹಣ್ಣು ಒಂದೇ ಚೂರು ಕೊಟ್ಟರೆ?

ಡಾಕ್ಟರ್: ಮೇಲೆ ಓದಿ.

ಬಳ್ಳಾರಿಯವರು: ಇಷ್ಟೆಲ್ಲ ರಗಳೆ ಯಾಕೆ? ನಮ್ಮ ಹಸಿರು ಗಿಣಿ ಸಾಕಿದರೆ ಆಯ್ತಲ್ಲ.

ಡಾಕ್ಟರ್: ಅದು ಅಪರಾಧ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ.

ಬಳ್ಳಾರಿಯವರು: ನಮ್ಮಜ್ಜಿ ಸಾಕಿದ್ರು, ಯಾರೂ ಹಿಡಿಲಿಲ್ಲ.

ಹಾಸನದವರು: ಪಕ್ಕದ ಪಂಜರದಲ್ಲಿ ಎರಡು ಲವ್‌ಬರ್ಡ್ಸ್ ಇವೆ ಡಾಕ್ಟ್ರೇ. ನೀರಿನ ಬಟ್ಟಲೂ ಒಂದೇ ಸಿಂಕಿನಲ್ಲಿ ತೊಳೀತೀವಿ.

ಡಾಕ್ಟರ್: ಅವಕ್ಕೂ ತಗುಲಬಹುದು. ಕಾಕಟೂವನ್ನು ಈಗಲೇ ಬೇರೆ ರೂಮಿಗೆ ಹಾಕಿ. ಮೂರಕ್ಕೂ ಟೆಸ್ಟ್ ಮಾಡಿಸಿ. ಲವ್‌ಬರ್ಡ್ಸಿಗೆ ಮೊದಲು ಊಟ ಹಾಕಿ, ಕಾಕಟೂಗೆ ಕೊನೆಗೆ. ಆಮೇಲೆ ಬಟ್ಟೆ ಬದಲಿಸಿ, ಕೈ ತೊಳೆಯಿರಿ.

ಬೆಂಗಳೂರಿನವರು: ಯಾರಾದ್ರೂ ರೇಟ್ ಹೇಳ್ರಪ್ಪಾ.